ಇಂದಿನ ರಾಷ್ಟ್ರದಲ್ಲಿ ಫ್ಯಾಸಿಸಂ ಬೇರೂರಬಲ್ಲದೇ?

ಹೊಸ್ತಿಲು:
ಕೆಲವು ದಿನಗಳಿಂದ ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ. ಲಿಖಿತ ಸಂವಿಧಾನ, ಸ್ವತಂತ್ರ ನ್ಯಾಯಾಲಯ, ನೂರೆಂಟು ಪತ್ರಿಕೆಗಳು, ಹೊತ್ತಿಗೆ ಸರಿಯಾಗಿ ನಡೆಯುವ ಚುನಾವಣೆ ಎಲ್ಲವೂ ಇರುವ ದೇಶದಲ್ಲಿ ಫ್ಯಾಸಿಸಂ ಬೇರೂರಬಲ್ಲದೇ? ಅಥವಾ ಕಪ್ಪು ಅಂಗಿ, ಚರ್ಮದ ಬೂಟುಗಳ ಜೊತೆಗೇ ಮುಗಿದುಹೋದ ಅಧ್ಯಾಯವೇ ಅದು?

ಒಂದೇ ವಿನಂತಿ. ಇವತ್ತು ಅಧಿಕಾರದಲ್ಲಿರುವ ಯಾರ ಹೆಸರನ್ನೂ ಎಳೆದು ತರಬೇಡಿ. ತಂದರೆ ಮೂರನೆಯ ಉತ್ತರಕ್ಕೇ ಕೊರಳಪಟ್ಟಿ ಹಿಡಿದುಕೊಳ್ಳುತ್ತೇವೆ, ಪ್ರಶ್ನೆ ಮೂಲೆ ಸೇರುತ್ತದೆ.

ತಕ್ಕಡಿ:
ಸಾಧ್ಯವಿಲ್ಲ ಎಂಬುದು ನನ್ನ ಉತ್ತರ. ಕಾರಣ ಹೇಳುತ್ತೇನೆ.

1919ರ ಯುರೋಪನ್ನು ನೆನೆಯಿರಿ. ಕಂದಕಗಳಲ್ಲಿ ವರ್ಷಗಟ್ಟಲೆ ಕೊಳೆತು, ಬಂದೂಕು ಹಿಡಿಯುವುದೊಂದನ್ನು ಬಿಟ್ಟು ಬೇರೆ ಕಸುಬು ಕಲಿಯದೆ ಮನೆಗೆ ಮರಳಿದ ಲಕ್ಷಾಂತರ ಯುವಕರು. ರಷ್ಯಾದಲ್ಲಿ ಆಗಷ್ಟೇ ಕ್ರಾಂತಿಯಾಗಿದೆ. ಜಮೀನುದಾರರಿಗೂ ಕಾರ್ಖಾನೆಯ ಮಾಲೀಕರಿಗೂ ನಿದ್ದೆ ಹತ್ತುತ್ತಿಲ್ಲ. ಜರ್ಮನಿಯಲ್ಲಂತೂ 1923ರಲ್ಲಿ ನೋಟು ಕಸವಾಯಿತು, 1932ರ ಹೊತ್ತಿಗೆ ಸುಮಾರು 60 ಲಕ್ಷ ಜನರಿಗೆ ಕೆಲಸವಿರಲಿಲ್ಲ. ಇಷ್ಟೆಲ್ಲ ಒಂದೇ ಕಡೆ ಸೇರಿದ್ದಕ್ಕೆ ಆ ರೋಗ ಹುಟ್ಟಿತು. ಈಗ ಶ್ರೀಮಂತ ದೇಶಗಳಲ್ಲಿ ಜನರಿಗೆ ವಯಸ್ಸಾಗಿದೆ, ಪಿಂಚಣಿ ಬರುತ್ತದೆ, ನಿರುದ್ಯೋಗ ಭತ್ಯೆ ಇದೆ. ಮಂಡಿನೋವಿನವರು ಪಂಜಿನ ಮೆರವಣಿಗೆಗೆ ಹೋಗುವುದಿಲ್ಲ.

ಇನ್ನೊಂದು ಮಾತು. ಇಷ್ಟವಿಲ್ಲದ ಸರ್ಕಾರಕ್ಕೆಲ್ಲ ಫ್ಯಾಸಿಸಂ ಎಂಬ ಹಣೆಪಟ್ಟಿ ಅಂಟಿಸುವ ಚಾಳಿಯಿಂದ ಆ ಪದಕ್ಕೆ ಈಗ ಅರ್ಥವೇ ಉಳಿದಿಲ್ಲ. ಕಟ್ಟುನಿಟ್ಟಾದ ಶಾಲಾ ಮುಖ್ಯೋಪಾಧ್ಯಾಯರನ್ನೂ ಫ್ಯಾಸಿಸ್ಟ್ ಎನ್ನುತ್ತಾರೆ!

ಹಳೆಮೇಷ್ಟ್ರು:
ಪದದ ವಿಚಾರದಲ್ಲಿ ತಕ್ಕಡಿಯವರ ಜೊತೆಗಿದ್ದೇನೆ. ಎಲ್ಲ ಸರ್ವಾಧಿಕಾರವೂ ಫ್ಯಾಸಿಸಂ ಅಲ್ಲ. ಸಾಮಾನ್ಯ ಸರ್ವಾಧಿಕಾರಿಗೆ ಜನ ಮನೆಯಲ್ಲಿ ತೆಪ್ಪಗಿದ್ದರೆ ಸಾಕು. ಫ್ಯಾಸಿಸ್ಟನಿಗೆ ಅಷ್ಟು ಸಾಲದು. ಜನ ಬೀದಿಗೆ ಬರಬೇಕು, ಘೋಷಣೆ ಕೂಗಬೇಕು, ಪಕ್ಕದ ಮನೆಯವನನ್ನು ಅನುಮಾನದಿಂದ ನೋಡಬೇಕು. ನಮ್ಮ ಕುಲಕ್ಕೆ ಅವಮಾನವಾಗಿದೆ, ಅದಕ್ಕೆ ಒಳಗಿನ ಶತ್ರುವೇ ಕಾರಣ, ಅವನನ್ನು ತೊಳೆದು ಹಾಕಿದರೆ ಮರುಹುಟ್ಟು ಎಂಬ ಕಥೆ ಬೇಕು. ಹಿಂಸೆ ಅಲ್ಲಿ ನಾಚಿಕೆಯ ವಿಷಯವಲ್ಲ, ಶುದ್ಧಿಯ ವಿಧಿ.

ಆದರೆ ಉಳಿದ ವಾದವನ್ನು ಒಪ್ಪಲಾರೆ. ನೀವು ಹೇಳಿದ್ದು ಒಣಹುಲ್ಲು ಎಲ್ಲಿತ್ತು ಎಂಬುದನ್ನು. ಕಡ್ಡಿ ಗೀರಲು ಬಿಟ್ಟವರು ಯಾರು ಎಂಬುದು ಬೇರೆ ಪ್ರಶ್ನೆ.

1922ರ ಅಕ್ಟೋಬರ್ 28ರ ಬೆಳಗ್ಗೆಗೆ ಹೋಗಿ. ಮುಸೊಲಿನಿಯ ಕಪ್ಪಂಗಿಯವರು ರೋಮ್ ಕಡೆಗೆ ಹೊರಟಿದ್ದಾರೆ. ಜೋರು ಮಳೆ. ಹಲವರ ಕೈಯಲ್ಲಿ ಇದ್ದದ್ದು ದೊಣ್ಣೆ, ಹಳೆಯ ಕೋವಿ. ನಗರದಲ್ಲಿ ಶಿಸ್ತಿನ ಸೈನ್ಯವಿದೆ. ಪ್ರಧಾನಿ ಲುಯಿಜಿ ಫಾಕ್ತಾನ ಸಂಪುಟ ಬೆಳಗಿನ ಜಾವ ಸೇರಿ ಸೇನಾಡಳಿತ ಹೇರಲು ತೀರ್ಮಾನಿಸಿತು. ಪ್ರಾಂತ್ಯಗಳ ಅಧಿಕಾರಿಗಳಿಗೆ ತಂತಿಯೂ ಹೋಯಿತು. ಮಧ್ಯಾಹ್ನ ಜಾರಿಗೆ ಬರಬೇಕಿದ್ದ ಆಜ್ಞೆಗೆ ಉಳಿದದ್ದು ಒಂದೇ ಒಂದು ಸಹಿ. ಫಾಕ್ತಾ ಕಾಗದ ಹಿಡಿದು ಅರಮನೆಗೆ ಹೋದರೆ ದೊರೆ ಮೂರನೆಯ ವಿಕ್ಟರ್ ಇಮ್ಯಾನ್ಯುಯೆಲ್ ಸಹಿ ಹಾಕಲಿಲ್ಲ. ಕಳಿಸಿದ್ದ ತಂತಿಯನ್ನು ರದ್ದು ಮಾಡಿ ಇನ್ನೊಂದು ತಂತಿ ಕಳಿಸಬೇಕಾಯಿತು.

ಅಷ್ಟು ಹೊತ್ತೂ ಮುಸೊಲಿನಿ ಎಲ್ಲಿದ್ದ? ಮಿಲಾನ್‌ನಲ್ಲಿ. ಮೆರವಣಿಗೆಯಲ್ಲಿ ಅಲ್ಲ. ಅರಮನೆಯಿಂದ ಕರೆ ಬಂದ ಮೇಲೆ ರಾತ್ರಿಯ ರೈಲಿನಲ್ಲಿ ಮಲಗಿ ರೋಮ್‌ಗೆ ಬಂದು 30ರಂದು ಪ್ರಧಾನಿಯಾದ. ಆಗ 535 ಸ್ಥಾನಗಳ ಸಂಸತ್ತಿನಲ್ಲಿ ಅವನ ಕಡೆ ಇದ್ದದ್ದು 35 ಮಂದಿ. ಆ 35 ಕೂಡ ಹಿಂದಿನ ವರ್ಷ ಹಿರಿಯ ಉದಾರವಾದಿ ಜೊಲಿಟ್ಟಿ ಸಮಾಜವಾದಿಗಳನ್ನು ಹಣಿಯಲೆಂದು ತನ್ನ ಕೂಟದ ಪಟ್ಟಿಗೆ ಸೇರಿಸಿಕೊಂಡದ್ದರಿಂದ ಗೆದ್ದವು. ಹಾವಿಗೆ ಹಾಲೆರೆದವರು ಸಂಭಾವಿತರು.

ಅಂದರೆ ‘ರೋಮ್ ಮೇಲಿನ ದಂಡಯಾತ್ರೆ’ ಎಂಬುದು ಕೆಲಸ ಮುಗಿದ ಮೇಲೆ ಮಾಡಿದ ಪ್ರದರ್ಶನ. ಬಾಗಿಲು ಯಾರೂ ಒಡೆಯಲಿಲ್ಲ.

ನಡುರಾತ್ರಿ:
ಮೇಷ್ಟ್ರೇ, ರಾಜನ ಸಹಿಯ ಕಾಲ ಹೋಯಿತು. ಈಗ ಮೊಬೈಲ್ ಇದೆ. ನನಗೆ ಭಯವಿರುವುದು ಅದರ ಬಗ್ಗೆ. ಯಾರಿಗೆ ಯಾವುದರ ಮೇಲೆ ಸಿಟ್ಟು ಬರುತ್ತದೆ ಎಂಬುದನ್ನು ಯಂತ್ರವೇ ಕಂಡುಹಿಡಿದು ಅದನ್ನೇ ಮತ್ತೆ ಮತ್ತೆ ತೋರಿಸುತ್ತದೆ. ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್‌ಗೆ ಇಂಥದ್ದು ಸಿಕ್ಕಿದ್ದರೆ?

ಹಳೆಮೇಷ್ಟ್ರು:
ಅವನಿಗೆ ಅವನ ಕಾಲದ್ದು ಸಿಕ್ಕಿತ್ತು. 1933ರ ಆಗಸ್ಟ್‌ನಲ್ಲಿ ಬಂದ ಅಗ್ಗದ ‘ಜನತಾ ರೇಡಿಯೊ’ದ ಮಾದರಿ ಸಂಖ್ಯೆ 301. ಹಿಟ್ಲರ್ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆದ ಜನವರಿ 30ರ ನೆನಪಿಗೆ ಇಟ್ಟ ಅಂಕಿ ಅದು, 30 ಮತ್ತು 1. ಆದರೆ ಗಮನಿಸಿ, ಆ ಪೆಟ್ಟಿಗೆ ಮನೆಮನೆಗೆ ಬಂದದ್ದು ಅಧಿಕಾರ ಸಿಕ್ಕ ಮೇಲೆ, ಮೊದಲಲ್ಲ.

ನಡುರಾತ್ರಿ:
ಹಾಗಾದರೆ ಇನ್ನೂ ಕೆಟ್ಟದ್ದೇ ಆಯಿತಲ್ಲ. ಈಗಿನ ಪೆಟ್ಟಿಗೆ ಮೊದಲೇ ಎಲ್ಲರ ಜೇಬಿನಲ್ಲಿದೆ.

ಕಪ್ಪುಕೋಟು:
ವಕೀಲಿ ವೃತ್ತಿಯವಳು ನಾನು, ಕಾನೂನಿನ ದಾರಿಯಿಂದಲೇ ಬರುತ್ತೇನೆ. ಹೊಸ್ತಿಲು ಅವರ ಪ್ರಶ್ನೆಯಲ್ಲಿ ಒಂದು ನಂಬಿಕೆ ಅಡಗಿದೆ: ಸಂವಿಧಾನ ಗಟ್ಟಿಯಿದ್ದರೆ ಭಯವಿಲ್ಲ ಎಂಬುದು. ಹಿಟ್ಲರನಿಗೆ ಮುಂಚಿನ ಜರ್ಮನ್ ಗಣರಾಜ್ಯದ ವೈಮಾರ್ ಸಂವಿಧಾನ ಕಾಗದದ ಮೇಲೆ ಆ ಕಾಲದ ಅತ್ಯಂತ ಉದಾರ ಸಂವಿಧಾನಗಳಲ್ಲಿ ಒಂದು. ಹಿಟ್ಲರ್ ಅದನ್ನು ವಿಧಿವತ್ತಾಗಿ ರದ್ದು ಮಾಡಲೇ ಇಲ್ಲ. ಹನ್ನೆರಡು ವರ್ಷವೂ ಅದು ಹೆಸರಿಗೆ ಜಾರಿಯಲ್ಲಿಯೇ ಇತ್ತು.

ಹೇಗೆ ನಡೆಯಿತು ನೋಡಿ. ಅದರ 48ನೆಯ ವಿಧಿ ಅಧ್ಯಕ್ಷರಿಗೆ ತುರ್ತು ಆಜ್ಞೆಗಳ ಅಧಿಕಾರ ಕೊಟ್ಟಿತ್ತು. 1930ರಿಂದ ಸರ್ಕಾರಗಳು ಬಹುಮತವಿಲ್ಲದೆ ಆ ವಿಧಿಯ ಮೇಲೆಯೇ ದಿನ ದೂಡಿದವು, ಹಿಟ್ಲರ್ ಬರುವ ಮೊದಲೇ. 1932ರ ಜುಲೈ 20ರಂದು ಚಾನ್ಸಲರ್ ಪಾಪನ್ ಅದನ್ನೇ ಬಳಸಿ ಪ್ರಷ್ಯಾದ ಸರ್ಕಾರವನ್ನು ಕಿತ್ತುಹಾಕಿದ. ಜರ್ಮನಿಯ ಅತಿ ದೊಡ್ಡ ರಾಜ್ಯ, ಅತಿ ದೊಡ್ಡ ಪೊಲೀಸ್ ಪಡೆ, ಸಮಾಜವಾದಿಗಳ ಕೊನೆಯ ಕೋಟೆ. ಅವರು ಬೀದಿಗಿಳಿಯಲಿಲ್ಲ, ನ್ಯಾಯಾಲಯಕ್ಕೆ ಹೋದರು. ಅಕ್ಟೋಬರ್‌ನಲ್ಲಿ ಬಂದ ತೀರ್ಪು ಅರ್ಧ ಅವರ ಕಡೆ, ಅರ್ಧ ಸರ್ಕಾರದ ಕಡೆ. ಗೆದ್ದ ಅರ್ಧದಿಂದ ಕುರ್ಚಿ ವಾಪಸ್ ಬರಲಿಲ್ಲ. ಸರ್ಕಾರ ಕಿತ್ತುಹಾಕಿದ ಆರೇ ತಿಂಗಳಲ್ಲಿ ಆ ಪೊಲೀಸ್ ಪಡೆ ಸಿದ್ಧಪಡಿಸಿಟ್ಟ ತಟ್ಟೆಯಂತೆ ಹಿಟ್ಲರನ ಬಲಗೈ ಗೋರಿಂಗ್‌ನ ಮುಂದೆ ಬಂತು. ಅವನು ಸುಮಾರು 50,000 ಮಂದಿಗೆ, ಹೆಚ್ಚಿನವರು ಪಕ್ಷದ ಪುಂಡರು, ತೋಳಿಗೆ ಬಿಳಿ ಪಟ್ಟಿ ಕಟ್ಟಿ ಸಹಾಯಕ ಪೊಲೀಸರನ್ನಾಗಿ ಮಾಡಿದ. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೇ?

ನಂತರದ್ದು ಗೊತ್ತಿರುವುದೇ. 1933ರ ಫೆಬ್ರುವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ, ಮಾರನೆಯ ದಿನವೇ ಮೂಲಭೂತ ಹಕ್ಕುಗಳಿಗೆ ತಡೆ. ಮಾರ್ಚ್ 23ರಂದು ಎಲ್ಲ ಅಧಿಕಾರವನ್ನೂ ಸಂಪುಟಕ್ಕೆ ಒಪ್ಪಿಸುವ ಕಾಯ್ದೆ 444ಕ್ಕೆ 94 ಮತಗಳಿಂದ ಪಾಸಾಯಿತು. ಗೆದ್ದಿದ್ದ 81 ಕಮ್ಯುನಿಸ್ಟ್ ಸದಸ್ಯರಲ್ಲಿ ಒಬ್ಬರೂ ಒಳಗಿರಲಿಲ್ಲ. ಸೆರೆಯಲ್ಲಿದ್ದರು, ಇಲ್ಲವೇ ತಲೆಮರೆಸಿಕೊಂಡಿದ್ದರು. ಆ 94 ಮತ ಹಾಕಿದವರು ಸಮಾಜವಾದಿಗಳು ಮಾತ್ರ. ಮಧ್ಯಮಮಾರ್ಗದ ಪಕ್ಷಗಳೆಲ್ಲ ಕಾಯ್ದೆಯ ಪರ ಮತ ಹಾಕಿದವು.

ನನಗೆ ಇದರಲ್ಲಿ ಅತ್ಯಂತ ವಿಚಿತ್ರವಾಗಿ ಕಾಣುವುದು ಬೇರೆ. ಆ ಕಾಯ್ದೆಗೆ ನಾಲ್ಕು ವರ್ಷಗಳ ಅವಧಿ ಇತ್ತು. ಯಾರೂ ಕೇಳುವವರಿಲ್ಲದ 1937ರಲ್ಲೂ ಅದನ್ನು ನಿಯಮದ ಪ್ರಕಾರ ನವೀಕರಿಸಿದರು. 1939ರಲ್ಲಿ ಮತ್ತೆ. ಪರವಾನಗಿ ನವೀಕರಿಸಿದ ಹಾಗೆ!

ತಕ್ಕಡಿ:
ಮೇಡಂ, ನೀವು ಕೊಟ್ಟ ಉದಾಹರಣೆ ನನ್ನ ವಾದಕ್ಕೇ ಬಲ ಕೊಡುತ್ತದೆ. ಆ ಪಾಠ ಕಲಿತೇ ಜರ್ಮನಿಯ 1949ರ ಮೂಲ ಕಾನೂನು ಬರೆದರು. ಮನುಷ್ಯನ ಘನತೆ, ಪ್ರಜಾಪ್ರಭುತ್ವದಂಥ ತತ್ವಗಳನ್ನು ಯಾವ ಬಹುಮತವೂ ತಿದ್ದುವಂತಿಲ್ಲ. ಹೊಸ ಚಾನ್ಸಲರ್ ಆರಿಸದೆ ಇದ್ದವನನ್ನು ಕೆಳಗಿಳಿಸುವಂತಿಲ್ಲ. 1952ರಲ್ಲಿ ನಾಜಿಗಳ ಉತ್ತರಾಧಿಕಾರಿ ಪಕ್ಷವೊಂದನ್ನು ಸಂವಿಧಾನ ನ್ಯಾಯಾಲಯವೇ ನಿಷೇಧಿಸಿತು.

ಇತ್ತೀಚಿನದನ್ನೇ ನೋಡಿ. ಗ್ರೀಸ್‌ನಲ್ಲಿ ಸಾಲದ ಬಿಕ್ಕಟ್ಟಿನ ನಡುವೆ ‘ಗೋಲ್ಡನ್ ಡಾನ್’ ಎಂಬ ಪಕ್ಷ 2012ರ ಜೂನ್‌ನಲ್ಲಿ 18 ಸ್ಥಾನ ಗೆದ್ದಿತು. ಬೀದಿಯಲ್ಲಿ ವಲಸಿಗರನ್ನು ಬಡಿಯುವ ದಳಗಳು ಅದಕ್ಕಿದ್ದವು. ಮೇಷ್ಟ್ರು ಹೇಳಿದ ಎಲ್ಲ ಲಕ್ಷಣಗಳೂ ಇದ್ದವು. 2013ರಲ್ಲಿ ಅದರ ಕಡೆಯವನೊಬ್ಬ ಒಬ್ಬ ರ‍್ಯಾಪ್ ಗಾಯಕನನ್ನು ಇರಿದು ಕೊಂದ. ನಾಯಕರನ್ನು ಬಂಧಿಸಿದರು, 2019ರಲ್ಲಿ ಪಕ್ಷ ಸಂಸತ್ತಿನಿಂದ ಹೊರಬಿತ್ತು, 2020ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಅದನ್ನು ಅಪರಾಧಿ ಸಂಘಟನೆ ಎಂದು ಸಾರಿತು. ಆಧುನಿಕ ರಾಷ್ಟ್ರಕ್ಕೆ ರೋಗನಿರೋಧಕ ಶಕ್ತಿ ಇದೆ ಎಂಬುದಕ್ಕೆ ಇನ್ನೇನು ಬೇಕು?

ಕಪ್ಪುಕೋಟು:
ಗ್ರೀಸ್‌ನ ಉದಾಹರಣೆ ಒಪ್ಪಿದೆ. ಆದರೆ ಆ ಮೊಕದ್ದಮೆ ಐದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಆ ಅವಧಿಯಲ್ಲಿ ಯಾವುದಾದರೂ ದೊಡ್ಡ ಪಕ್ಷಕ್ಕೆ ಆ ಸದಸ್ಯರ ಬೆಂಬಲ ತುರ್ತಾಗಿ ಬೇಕಾಗಿದ್ದರೆ? ನಿಷೇಧದ ಕಾನೂನು ಅಂಚಿನಲ್ಲಿರುವವನಿಗೆ ಹೊಡೆಯುತ್ತದೆ. ಪಡಸಾಲೆಗೆ ಬಂದು ಕುಳಿತವನಿಗೆ ಅಲ್ಲ.

ಹಳೆಮೇಷ್ಟ್ರು:
ಮೇಡಂ ಹೇಳಿದ್ದೇ ಗಂಟು. ಅದಕ್ಕೆ ನಾನು ಸೋತ ದೇಶಗಳಿಗಿಂತ ಬಚಾವಾದ ದೇಶಗಳನ್ನು ಹೆಚ್ಚು ನೋಡುತ್ತೇನೆ. ಫಿನ್ಲೆಂಡ್‌ನ ಕಥೆ ನಮ್ಮಲ್ಲಿ ಯಾರೂ ಹೇಳುವುದಿಲ್ಲ.

1918ರಲ್ಲಿ ಅಲ್ಲಿ ಭೀಕರ ಅಂತರ್ಯುದ್ಧವಾಗಿತ್ತು, ರಷ್ಯಾ ಪಕ್ಕದಲ್ಲೇ. ತಕ್ಕಡಿಯವರ ಒಣಹುಲ್ಲು ಅಲ್ಲಿಯೂ ರಾಶಿ ಇತ್ತು. 1929ರ ಕೊನೆಗೆ ಲಾಪುವಾ ಎಂಬ ಊರಿನಿಂದ ಒಂದು ಚಳವಳಿ ಎದ್ದಿತು. ಎದುರಾಳಿಗಳನ್ನು ಕಾರಿನಲ್ಲಿ ಹೊತ್ತೊಯ್ದು ಸೋವಿಯತ್ ಗಡಿಯ ಬಳಿ ಇಳಿಸುವುದು ಅವರ ಪದ್ಧತಿ. 1930ರ ಅಕ್ಟೋಬರ್‌ನಲ್ಲಿ ದೇಶದ ಮೊದಲ ಅಧ್ಯಕ್ಷರಾಗಿದ್ದ ಸ್ಟಾಲ್‌ಬರ್ಗ್ ಅವರನ್ನೂ ಅವರ ಹೆಂಡತಿಯನ್ನೂ ಹಾಗೆಯೇ ಅಪಹರಿಸಿದರು. ಅಲ್ಲಿಯವರೆಗೆ ‘ಹುಡುಗರು ಸ್ವಲ್ಪ ಒರಟು, ಉದ್ದೇಶ ಒಳ್ಳೆಯದು’ ಎನ್ನುತ್ತಿದ್ದ ಸಂಭಾವಿತರಲ್ಲಿ ಹಲವರು ಆಗ ಬೆಚ್ಚಿದರು.

1932ರ ಫೆಬ್ರುವರಿ ಕೊನೆಗೆ ಮ್ಯಾಂಟ್ಸಾಲಾದಲ್ಲಿ ಇವರು ಶಸ್ತ್ರ ಹಿಡಿದು ಸೇರಿದರು. ಮುಂದಾಳುಗಳಲ್ಲಿ ಸೇನೆಯ ಮಾಜಿ ಮುಖ್ಯಸ್ಥನೇ ಇದ್ದ. ಆಗಿನ ಅಧ್ಯಕ್ಷ ಸ್ವಿನ್‌ಹುಫ್ವುದ್ ಕಟ್ಟಾ ಬಲಪಂಥೀಯ, ಆ ಕುರ್ಚಿಗೆ ಏರಿದ್ದೇ ಈ ಚಳವಳಿಯ ಒತ್ತಾಸೆಯಿಂದ. ಅವನು ಇಟಲಿಯ ರಾಜನಂತೆ ಮಾಡಬಹುದಿತ್ತು. ಮಾಡಲಿಲ್ಲ. ಮಾರ್ಚ್ 2ರಂದು ರೇಡಿಯೊದಲ್ಲಿ ಮಾತನಾಡಿ, ಮನೆಗೆ ಹೋಗಿ, ಹೋದ ಸಾಮಾನ್ಯರಿಗೆ ಶಿಕ್ಷೆ ಇಲ್ಲ, ಮುಂದಾಳುಗಳಿಗೆ ಇದೆ ಎಂದ. ಕೆಲವೇ ದಿನಗಳಲ್ಲಿ ದಂಗೆ ಕರಗಿತು. ಚಳವಳಿಯನ್ನು ನಿಷೇಧಿಸಿದ್ದು ಯಾವ ಕಾನೂನಿನಡಿ ಗೊತ್ತೇ? ಕಮ್ಯುನಿಸ್ಟರನ್ನು ಮಟ್ಟಹಾಕಲು ಇವರೇ ಹಟಹಿಡಿದು ಮಾಡಿಸಿಕೊಂಡಿದ್ದ ಗಣರಾಜ್ಯ ರಕ್ಷಣಾ ಕಾಯ್ದೆಯಡಿ. ತೋಡಿದ ಹಳ್ಳಕ್ಕೆ ತಾವೇ ಬಿದ್ದರು.

ಬೆಲ್ಜಿಯಂನಲ್ಲೂ ಅಷ್ಟೆ. 1936ರಲ್ಲಿ ಡೆಗ್ರೆಲ್ ಎಂಬುವನ ಫ್ಯಾಸಿಸ್ಟ್ ಒಲವಿನ ಪಕ್ಷ 21 ಸ್ಥಾನ ಗೆದ್ದಿತ್ತು. ಮರುವರ್ಷ ಬ್ರಸೆಲ್ಸ್‌ನ ಉಪಚುನಾವಣೆಗೆ ಅವನು ನಿಂತಾಗ ಕ್ಯಾಥೊಲಿಕರಿಂದ ಕಮ್ಯುನಿಸ್ಟರವರೆಗೆ ಎಲ್ಲರೂ ಒಬ್ಬನೇ ಅಭ್ಯರ್ಥಿಯ ಹಿಂದೆ ನಿಂತರು. ಡೆಗ್ರೆಲ್‌ಗೆ ಬಂದದ್ದು ಶೇ. 19ರಷ್ಟು ಮತ.

ಜರ್ಮನಿಯಲ್ಲಿ ನಾಜಿಗಳ ಮತ 1932ರ ಜುಲೈನಲ್ಲಿ ಶೇ. 37.3 ಇದ್ದದ್ದು ನವೆಂಬರ್‌ನಲ್ಲಿ 33.1ಕ್ಕೆ ಇಳಿದಿತ್ತು, ಪಕ್ಷದ ಬೊಕ್ಕಸ ಖಾಲಿಯಾಗಿತ್ತು. ಇಳಿಯುತ್ತಿದ್ದವನನ್ನು ಮೂರು ತಿಂಗಳೊಳಗೆ ಕರೆದು ಕೂರಿಸಿದರು! ಸಂಪುಟದಲ್ಲಿ ಹಿಟ್ಲರ್ ಸೇರಿ ಮೂವರೇ ನಾಜಿಗಳು, ಸುತ್ತ ನಮ್ಮವರೇ ಇದ್ದೇವೆ, ಮೂಲೆಗೆ ಒತ್ತಿಬಿಡುತ್ತೇವೆ ಎಂಬುದು ಪಾಪನ್‌ನ ಲೆಕ್ಕಾಚಾರ. 1934ರ ಜೂನ್ 30ರಂದು ಅದೇ ಪಾಪನ್‌ಗೆ ಭಾಷಣ ಬರೆದುಕೊಡುತ್ತಿದ್ದವನನ್ನೂ ಅವನ ಪತ್ರಿಕಾ ವಿಭಾಗದ ಮುಖ್ಯಸ್ಥನನ್ನೂ ಕೊಂದರು. ಪಾಪನ್ ಮಾತ್ರ ಬದುಕಿ, ಹಿಟ್ಲರನ ರಾಯಭಾರಿಯಾಗಿ ವಿಯೆನ್ನಾಕ್ಕೆ ಹೋದ. ಈ ಮನುಷ್ಯನ ಮೇಲೆ ನನಗೆ ಹಿಟ್ಲರನಿಗಿಂತ ಹೆಚ್ಚು ಸಿಟ್ಟಿದೆ. ಅನ್ಯಾಯದ ಸಿಟ್ಟು ಇರಬಹುದು, ಇರಲಿ.

ನಡುರಾತ್ರಿ:
ಹಾಗಾದರೆ ಎಲ್ಲವೂ ಮೇಲೆ ಕುಳಿತ ನಾಲ್ಕು ಜನರ ಕೈಯಲ್ಲಿದೆಯೇ? ನಮ್ಮಂಥವರು ಪ್ರೇಕ್ಷಕರೇ?

ಕಡತಪ್ರಿಯ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಡುರಾತ್ರಿಯವರ ಪ್ರಶ್ನೆಗೆ ಉತ್ತರಿಸಲು ನಾನು ಅರ್ಹ ಎನಿಸಿತು, ಏಕೆಂದರೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದಾಖಲೆ ವಿಭಾಗದಲ್ಲಿ ಗುಮಾಸ್ತನಾಗಿದ್ದವನು.

ಆಧುನಿಕ ರಾಷ್ಟ್ರ ಎಂದರೆ ಏನು? ನೀವೆಲ್ಲ ಸಂವಿಧಾನ, ಚುನಾವಣೆ ಎನ್ನುತ್ತಿದ್ದೀರಿ. ನನಗೆ ಕಾಣುವುದು ಕಡತ. ಯಾರು ಎಲ್ಲಿ ಹುಟ್ಟಿದರು, ಎಲ್ಲಿ ವಾಸ, ಯಾವ ಧರ್ಮ, ಮನೆಯಲ್ಲಿ ಎಷ್ಟು ಜನ ಎಂದು ಬರೆದಿಡುವ ಯಂತ್ರ ಅದು. ಕಡತಕ್ಕೆ ಕರುಣೆಯೂ ಇಲ್ಲ, ದ್ವೇಷವೂ ಇಲ್ಲ; ಯಾರು ತೆರೆದರೂ ತೆರೆದುಕೊಳ್ಳುತ್ತದೆ.

ನೆದರ್ಲೆಂಡ್ಸ್‌ನಲ್ಲಿ ಯಾಕೋಬ್ ಲೆಂಟ್ಸ್ ಎಂಬ ಅಧಿಕಾರಿಯಿದ್ದ. ಜನಸಂಖ್ಯಾ ನೋಂದಣಿಯ ಮೇಲ್ವಿಚಾರಕ. ನಾಜಿ ಅಲ್ಲ, ಕೆಲಸದಲ್ಲಿ ಅಚ್ಚುಕಟ್ಟು ಅಷ್ಟೇ. ಸುಲಭವಾಗಿ ನಕಲು ಮಾಡಲಾಗದ ಗುರುತಿನ ಚೀಟಿಯೊಂದನ್ನು ರೂಪಿಸಿದ್ದ. 1940ರ ಮಾರ್ಚ್‌ನಲ್ಲಿ ಡಚ್ ಸರ್ಕಾರವೇ ಅದು ನಮ್ಮ ಸಂಪ್ರದಾಯಕ್ಕೆ ಒಗ್ಗದು ಎಂದು ಬೇಡವೆಂದಿತು. ಮೇ ತಿಂಗಳಲ್ಲಿ ಜರ್ಮನ್ನರು ಬಂದರು. ಅವರಿಗೆ ಚೀಟಿ ಬಹಳ ಹಿಡಿಸಿತು. 1941ರಲ್ಲಿ ಜಾರಿಯಾಯಿತು. ಯಹೂದಿಗಳ ಚೀಟಿಯ ಮೇಲೆ ದೊಡ್ಡದೊಂದು ‘ಜೆ’ ಮುದ್ರೆ. ಆ ದೇಶದ ಯಹೂದಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಉಳಿಯಲಿಲ್ಲ. ಕಾರಣ ಒಂದೇ ಅಲ್ಲ, ಆದರೆ ಆ ಅಚ್ಚುಕಟ್ಟಾದ ದಾಖಲೆ ಬೇಟೆಗಾರನಿಗೆ ನಕ್ಷೆಯಾಗಿದ್ದು ನಿಜ.

1943ರ ಮಾರ್ಚ್ 27ರ ರಾತ್ರಿ ಕೆಲವು ಕಲಾವಿದರೂ ವಿದ್ಯಾರ್ಥಿಗಳೂ ಪೊಲೀಸ್ ಸಮವಸ್ತ್ರ ಹೊಲಿಸಿಕೊಂಡು ಆಮ್‌ಸ್ಟರ್‌ಡ್ಯಾಮ್‌ನ ನೋಂದಣಿ ಕಚೇರಿಗೆ ನುಗ್ಗಿದರು. ಕಾವಲುಗಾರರನ್ನು ಕೊಲ್ಲಲಿಲ್ಲ, ಮತ್ತಿನ ಮದ್ದು ಕೊಟ್ಟು ಹೊರಗೆ ಮಲಗಿಸಿದರು. ಕಪಾಟುಗಳ ಖಾನೆಗಳನ್ನು ಎಳೆದು ಚೀಟಿಗಳನ್ನು ನೆಲಕ್ಕೆ ಸುರಿದು ಸಿಡಿಮದ್ದು ಇಟ್ಟರು. ಒತ್ತೊತ್ತಾಗಿ ಜೋಡಿಸಿದ ಕಾಗದಕ್ಕೆ ಬೆಂಕಿ ಬೇಗ ಹತ್ತುವುದಿಲ್ಲ. ಹಳೆಯ ಕಡತ ಸುಟ್ಟು ನೋಡಿದವರಿಗೆ ಗೊತ್ತು. ಬೆಂಕಿ ಆರಿಸಲು ಬಂದ ಅಗ್ನಿಶಾಮಕದವರು ಅರ್ಥ ಮಾಡಿಕೊಂಡರು. ಬೇಕೆಂದೇ ತಡಮಾಡಿದರು, ಬಂದ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ನೀರು ಸುರಿದರು. ಬೆಂಕಿ ಬಿಟ್ಟದ್ದನ್ನು ನೀರು ಹಾಳುಮಾಡಿತು. ಆದರೂ ಹೋದದ್ದು ಒಂದು ಪಾಲು ಮಾತ್ರ. ದಾಳಿ ಮಾಡಿದವರಲ್ಲಿ ಹನ್ನೆರಡು ಮಂದಿಯನ್ನು ಜುಲೈನಲ್ಲಿ ಗುಂಡಿಕ್ಕಿ ಕೊಂದರು.

ನಡುರಾತ್ರಿಯವರೇ, ಆ ನೀರಿನ ಕೊಳವೆ ಹಿಡಿದವನು ಮೇಲೆ ಕುಳಿತವನಲ್ಲ.

ತಕ್ಕಡಿ:
ಸರ್, ಗೌರವದಿಂದಲೇ ಹೇಳುತ್ತೇನೆ, ಇದು ಪರದೇಶದ ಸೈನ್ಯ ಬಂದು ಕುಳಿತ ಕಥೆ. ಪ್ರಶ್ನೆ ಇದ್ದದ್ದು ಒಳಗಿನಿಂದ ಹುಟ್ಟುವುದರ ಬಗ್ಗೆ.

ಕಡತಪ್ರಿಯ:
ನಿಮ್ಮ ಆಕ್ಷೇಪ ಸರಿ. ಒಳಗಿನದನ್ನೇ ಹೇಳುತ್ತೇನೆ. 1931ರಲ್ಲಿ ಇಟಲಿಯ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರೆಲ್ಲ ಪ್ರಮಾಣವಚನಕ್ಕೆ ಸಹಿ ಹಾಕಬೇಕಾಯಿತು. ರಾಜನಿಗೆ ನಿಷ್ಠೆಯ ಪ್ರಮಾಣ ಮೊದಲೇ ಇತ್ತು. ಈಗ ‘ಮತ್ತು ಫ್ಯಾಸಿಸ್ಟ್ ಆಡಳಿತಕ್ಕೆ’ ಎಂಬುದನ್ನು ನಡುವೆ ತೂರಿಸಿದ್ದರು. ಸುಮಾರು 1,200 ಮಂದಿಯಲ್ಲಿ ಒಲ್ಲೆ ಎಂದವರು ಹನ್ನೆರಡರಷ್ಟು. ಗಣಿತಜ್ಞ ವೋಲ್ತೆರಾ ಒಬ್ಬರು, ಅವರಿಗೆ ಆಗ ಎಪ್ಪತ್ತರ ಮೇಲೆ ವಯಸ್ಸು. ಕೆಲಸ ಕಳೆದುಕೊಂಡರು. ಉಳಿದವರಲ್ಲಿ ಎಲ್ಲರೂ ಫ್ಯಾಸಿಸ್ಟರೇನಲ್ಲ. ಪಾಠ ನಿಲ್ಲಬಾರದು, ನಾನು ಬಿಟ್ಟರೆ ಇನ್ನೂ ಕೆಟ್ಟವನು ಬರುತ್ತಾನೆ, ಮಕ್ಕಳ ಓದು ಮುಗಿಯಲಿ ಎಂದುಕೊಂಡವರೇ ಬಹಳ. ಅವರನ್ನು ಬಯ್ಯಲು ನನಗೆ ನಾಲಗೆ ಏಳುವುದಿಲ್ಲ. ನಾನೂ ಸಂಬಳದವನೇ.

ಹೊಸ್ತಿಲು:
ಕಡತಪ್ರಿಯ ಸರ್, ತಪ್ಪು ತಿಳಿಯಬೇಡಿ. ನಿಮ್ಮ ಸೇವೆಯಲ್ಲಿ ಎಂದಾದರೂ ಇಂಥ ಕಾಗದ ಮೇಜಿಗೆ ಬಂದಿತ್ತೇ?

ಕಡತಪ್ರಿಯ:
ಇಷ್ಟು ದೊಡ್ಡದು ಬಂದಿರಲಿಲ್ಲ. ಒಮ್ಮೆ ಒಬ್ಬ ಮೇಲಧಿಕಾರಿ ಬಾಗಿಲಲ್ಲೇ ನಿಂತು, ಇಂಥಿಂಥ ಹೆಸರಿನವರ ವಿಳಾಸಗಳ ಪಟ್ಟಿ ಸಂಜೆಯೊಳಗೆ ಬೇಕು ಎಂದರು. ಮಾತಿನಲ್ಲೇ, ಕಾಗದವಿಲ್ಲ. ಯಾವ ಕಾರಣಕ್ಕೆಂದು ಹೇಳಲಿಲ್ಲ. ನಾನು ಎದ್ದು ನಿಂತು, ‘ಸರ್, ಲಿಖಿತ ಆದೇಶ ದಯಪಾಲಿಸಿದರೆ ಕೂಡಲೇ ಮಾಡಿಕೊಡುತ್ತೇನೆ’ ಎಂದೆ. ಧೈರ್ಯವೆಂದು ತಿಳಿಯಬೇಡಿ. ಅಂಗೈ ಒದ್ದೆಯಾಗಿತ್ತು. ಲೆಕ್ಕ ಪರಿಶೋಧನೆಯವರು ಕೇಳಿದರೆ ಏನು ತೋರಿಸಲಿ ಎಂಬ ಗುಮಾಸ್ತನ ಭಯ ಅದು. ಅವರು ನನ್ನನ್ನು ಒಂದು ಕ್ಷಣ ನೋಡಿ ಹೊರಟುಹೋದರು. ಆದೇಶ ಬರಲಿಲ್ಲ. ಪಟ್ಟಿಯನ್ನು ಮತ್ತೆ ಯಾರೂ ಕೇಳಲಿಲ್ಲ.

ಕಪ್ಪುಕೋಟು:
ಈಗ ನಿಮ್ಮ ಕುರ್ಚಿಯಲ್ಲಿ ಇರುವವರು ಹಾಗೆ ಕೇಳುತ್ತಾರೆಯೇ?

ಕಡತಪ್ರಿಯ:
ಕುರ್ಚಿಯೇ ಇಲ್ಲ ಮೇಡಂ. ಎಲ್ಲ ಗಣಕಕ್ಕೆ ಹೋಯಿತು. ನಾನಿದ್ದಾಗ ಅಂಥ ಪಟ್ಟಿಗೆ ಮೂರು ಜನ ಎರಡು ದಿನ ಕೂರಬೇಕಿತ್ತು, ಮೂವರಿಗೂ ಕಾರಣ ಗೊತ್ತಾಗುತ್ತಿತ್ತು. ಈಗ ಮೇಲಧಿಕಾರಿ ತಮ್ಮ ಕೋಣೆಯಿಂದಲೇ ತೆಗೆದುಕೊಳ್ಳುತ್ತಾರೆ.

ತಕ್ಕಡಿ:
ಯಾರು, ಯಾವಾಗ ತೆಗೆದರು ಎಂಬ ದಾಖಲೆಯಾದರೂ ಉಳಿಯುತ್ತದಲ್ಲವೇ?

ಕಡತಪ್ರಿಯ:
ಉಳಿಯುತ್ತದೆ. ಅದನ್ನು ನೋಡಲು ಆ ಮೇಲಧಿಕಾರಿಯ ಅನುಮತಿ ಬೇಕು.